ಕಾಲಿಗೆ ಜಾಲಿ ಮುಳ್ಳು ನಟ್ಟರೆ ಏನು ಮಾಡಬೇಕು?

ಸಿರುಗುಪ್ಪದ ಕಡೆ ಕಾಲುವೆ ದಂಡೆ ಮೇಲೆ ಓಡಾಡುವವರಿಗೆ ಬಳ್ಳಾರಿ ಜಾಲಿಯ ಪರಿಚಯ ಬೇಕಿಲ್ಲ. ಹವಾಯಿ ಚಪ್ಪಲಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹೋದ ವರ್ಷ ನನ್ನ ಹಿಮ್ಮಡಿಗೂ ಒಂದು ಮುಳ್ಳು ನಟ್ಟಿತು. ಕಿತ್ತು ಬಿಸಾಕಿ ಗದ್ದೆಗೆ ಇಳಿದೆ. ಆಮೇಲೆ ಮೂರು ವಾರ ಕುಂಟಿದೆ.

ಮೊದಲ ಕೆಲಸ, ಮುಳ್ಳನ್ನು ಪೂರ್ತಿ ತೆಗೆಯುವುದು. ಸೋಪು ಹಚ್ಚಿ ತೊಳೆಯಿರಿ. ಚಿಮಟವನ್ನು ನೀರಲ್ಲಿ ಕುದಿಸಿಕೊಳ್ಳಿ. ಮುಳ್ಳು ಹೇಗೆ ಓರೆಯಾಗಿ ಹೊಕ್ಕಿದೆಯೋ ಹಾಗೇ ನಿಧಾನವಾಗಿ ಹಿಂದಕ್ಕೆಳೆಯಿರಿ. ಹಿಂಡಬೇಡಿ, ಕೆದಕಬೇಡಿ. ತೆಗೆದ ಮೇಲೆ ಬೆಳಕಿಗೆ ಹಿಡಿದು ತುದಿ ನೋಡಿ. ಚೂಪಾಗಿದ್ದರೆ ಸರಿ. ಮೊಂಡಾಗಿದ್ದರೆ ಮುರಿದ ಚೂರು ಒಳಗೇ ಉಳಿದಿದೆ. ನಾನು ನೋಡಲಿಲ್ಲ, ಅದೇ ತಪ್ಪಾಯಿತು.

ಚೂರಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾ? ಬೇಕು. ಚರ್ಮದಡಿ ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ಸದಾ ಕಾವಲಿರುತ್ತವೆ. ಗ್ರೀಕ್‌ನಲ್ಲಿ ಹೆಸರಿನ ಅರ್ಥ 'ದೊಡ್ಡ ತಿಂಡಿಪೋತ'. ರೋಗಾಣು, ಸತ್ತ ಕೋಶ, ಏನು ಸಿಕ್ಕರೂ ನುಂಗಿ ಒಳಗೇ ಕರಗಿಸುತ್ತವೆ. ಆದರೆ ಜಾಲಿ ಕಟ್ಟಿಗೆ ಸುಲಭಕ್ಕೆ ಕರಗುವುದಿಲ್ಲ. ಆಗ ಹಲವು ಮ್ಯಾಕ್ರೋಫೇಜ್‌ಗಳು ಒಂದಕ್ಕೊಂದು ಬೆಸೆದು ದೈತ್ಯ ಕೋಶಗಳಾಗಿ ಚೂರನ್ನು ಸುತ್ತುವರಿಯುತ್ತವೆ. ಮುಟ್ಟಿದರೆ ನೋಯುವ ಗಂಟು ಅಂತೀವಲ್ಲ, ಅದು ಹೀಗೇ ಕಟ್ಟಿಕೊಳ್ಳುತ್ತದೆ.

ಮಜಾ ಅಂದರೆ, ಈ ತಿಂಡಿಪೋತರ ಕೆಲಸ ಬೆಳಕಿಗೆ ಬಂದದ್ದೂ ಮುಳ್ಳಿನಿಂದಲೇ. 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಎಲೀ ಮೆಚ್ನಿಕಾಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಗಾಜಿನಂಥ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ಅವರಿಗೆ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಂತು.

ಎರಡನೆಯದು ಟಿಟಿ ಇಂಜೆಕ್ಷನ್. ಧನುರ್ವಾಯು ರೋಗಾಣು ಮಣ್ಣಿನಲ್ಲೇ ಇರುತ್ತದೆ. ಗಾಳಿಯಾಡದ ಆಳದ ಗಾಯ ಸಿಕ್ಕರೆ ಅದಕ್ಕೆ ಹಬ್ಬ. ಹಿಂದೆ ಹಾಕಿಸಿಕೊಂಡು ಐದು ವರ್ಷ ಕಳೆದಿದ್ದರೆ, ಅಥವಾ ನೆನಪೇ ಇಲ್ಲದಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಿ.

ಇನ್ನು ಕಷ್ಟದ ಕೆಲಸ: ಸುಮ್ನೆ ಇರುವುದು. ಮೊದಲ ಕೆಲವು ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ. ಒಂದೆರಡು ದಿನದಲ್ಲಿ ರಕ್ತದಿಂದ ಮಾನೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳು ಇಳಿದು ಮ್ಯಾಕ್ರೋಫೇಜ್‌ಗಳಾಗುತ್ತವೆ. ಇವು ಬಿಡುವ ಟಿಎನ್‌ಎಫ್‌ನಂಥ ರಾಸಾಯನಿಕದಿಂದ ಬಾವು, ಬಿಸಿ, ನೋವು. ಟಿ ಕೋಶಗಳೆಂಬ ಮತ್ತೊಂದು ಬಗೆಯ ಬಿಳಿ ಕಣಗಳು ಕಳಿಸುವ ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕ ಮ್ಯಾಕ್ರೋಫೇಜ್‌ಗಳನ್ನು ಇನ್ನಷ್ಟು ಕೆರಳಿಸುತ್ತದೆ. ಸಣ್ಣ ಬಾವಿಗೆಲ್ಲ ಹೆದರಬೇಡಿ, ಕೆಲಸ ನಡೀತಿದೆ ಅಷ್ಟೇ. ಸತ್ತ ನ್ಯೂಟ್ರೋಫಿಲ್‌ಗಳನ್ನು ತಿಂದ ಮೇಲೆ ಮ್ಯಾಕ್ರೋಫೇಜ್‌ನ ವರಸೆಯೇ ಬದಲಾಗುತ್ತದೆ. ಇಂಟರ್‌ಲ್ಯೂಕಿನ್-10 ಎಂಬ ರಾಸಾಯನಿಕ ಸೂಸಿ ಗಲಾಟೆ ತಣಿಸುತ್ತದೆ. ಹೊಸ ರಕ್ತನಾಳ, ಹೊಸ ಮಾಂಸ ಬೆಳೆಯಲು ಕರೆ ಕಳಿಸುತ್ತದೆ. ಹೊಡೆದಾಟಕ್ಕೆ ಬಂದವನೇ ಗಾರೆ ಕೆಲಸಕ್ಕೆ ನಿಂತ ಹಾಗೆ!

"ಎಕ್ಕೆ ಹಾಲು ಹಚ್ಚು, ತಾನೇ ಮ್ಯಾಲ ಬರ್ತದ" ಅಂತ ನಮ್ಮವ್ವ ಹೇಳಿದಳು. ಹಚ್ಚಿದೆ ಕೂಡ. ಎಕ್ಕೆ ಹಾಲು, ಸುಣ್ಣ ಎರಡೂ ಚರ್ಮ ಸುಡುತ್ತವೆ. ಸುಟ್ಟ ಕಡೆ ಮತ್ತೆ ಸತ್ತ ಕೋಶ, ಮತ್ತೆ ಬಾವು. ಗಾರೆಯವನು ಕರಣೆ ಬಿಟ್ಟು ಮತ್ತೆ ದೊಣ್ಣೆ ಹಿಡಿಯುತ್ತಾನೆ. ಶುದ್ಧ ಬಟ್ಟೆ ಕಟ್ಟಿ, ದಿನಾ ಬದಲಿಸಿ, ಸಾಕು.

ಶುಗರ್ ಇರುವವರು ಮಾತ್ರ ಹೀಗೆ ಕಾಯಬಾರದು. ಅವರಲ್ಲಿ ಮ್ಯಾಕ್ರೋಫೇಜ್‌ಗಳು ಹೊಡೆದಾಟದಲ್ಲೇ ಸಿಕ್ಕಿಕೊಳ್ಳುತ್ತವೆ, ಗಾಯ ಬೇಗ ಮಾಯುವುದಿಲ್ಲ. ಪಾದ ಜೋಮು ಹಿಡಿದಿದ್ದರೆ ಮುಳ್ಳು ನಟ್ಟದ್ದೇ ಗೊತ್ತಾಗುವುದಿಲ್ಲ. ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ, ಸಣ್ಣ ಗಾಯವಿದ್ದರೂ ಡಾಕ್ಟರಿಗೆ ತೋರಿಸಿ.

ಉಳಿದವರೂ ಕೀವು, ಜ್ವರ, ಹರಡುವ ಕೆಂಪು ಕಂಡರೆ, ಕೀಲಿನ ಹತ್ತಿರ ನಟ್ಟಿದ್ದರೆ ತಡ ಮಾಡಬೇಡಿ. ವಾರ ಕಳೆದರೂ ಗಂಟು ನೋಯುತ್ತಿದ್ದರೆ ಚೂರು ಒಳಗಿರುವ ಸಾಧ್ಯತೆ ಜಾಸ್ತಿ. ನನ್ನ ಹಿಮ್ಮಡಿಗೆ ಜೋಮಿನ ಸೂಜಿ ಕೊಟ್ಟು, ಸಣ್ಣಗೆ ಕೊಯ್ದು ಡಾಕ್ಟರು ತೆಗೆದ ಕಪ್ಪು ತುದಿ ಜೀರಿಗೆ ಕಾಳಿನಷ್ಟೂ ಇರಲಿಲ್ಲ.