ಸಡಿಲವಾದ ಚರ್ಮದ ಒರೆಯನ್ನು ಬಿಗಿಗೊಳಿಸುವುದು: ನನ್ನ ಅನುಭವ

ಚಾಕು ಒರೆಯಿಂದ ಜಾರತೊಡಗಿದರೆ ಹೆಚ್ಚಿನವರು ಅಲಗಿನ ಭಾಗವನ್ನು ಬಿಗಿ ಮಾಡಲು ಹೊರಡುತ್ತಾರೆ. ಆದರೆ ಮಡಚದ ಚಾಕುವಿನ ಒರೆ ಅಲಗನ್ನು ಹಿಡಿದು ನಿಲ್ಲಿಸಬಾರದು, ಹಿಡಿಯನ್ನು ಹಿಡಿದು ನಿಲ್ಲಿಸಬೇಕು. ಒರೆಯ ಬಾಯಿಯಿಂದ ಒಳಕ್ಕೆ ಮೂರು ನಾಲ್ಕು ಸೆಂಟಿಮೀಟರ್ ಜಾಗವಿದೆಯಲ್ಲ, ಹಿಡಿಯ ಬುಡ ಕೂರುವ ಜಾಗ, ಕೆಲಸವೆಲ್ಲ ಅಲ್ಲೇ. ಅಲಗಿನ ಸುತ್ತ ಚರ್ಮ ಒತ್ತಿಕೊಂಡಿದ್ದರೆ ಪ್ರತಿ ಸಲ ಎಳೆದಾಗಲೂ ಹರಿತದ ಅಂಚು ಒಳಗಿನ ಚರ್ಮವನ್ನು ಹೆರೆಯುತ್ತದೆ. ಒರೆಯೂ ಹಾಳು, ಹರಿತವೂ ಹಾಳು.

ಹಿಡಿಯ ಮೂರನೇ ಒಂದು ಭಾಗವಾದರೂ ಒಳಗೆ ಇಳಿಯುವ ಆಳದ ಒರೆಗೆ ಈ ಮಾತು ನೇರವಾಗಿ ಹೊಂದುತ್ತದೆ. ಹಿಡಿಗೂ ಅಲಗಿಗೂ ನಡುವೆ ಲೋಹದ ಅಡ್ಡಪಟ್ಟಿ ಇದ್ದು, ಅದು ಒರೆಯ ಬಾಯಿಯ ಮೇಲೇ ನಿಲ್ಲುವಂತಿದ್ದರೆ ಲೆಕ್ಕ ಬೇರೆ. ಅಂಥ ಒರೆಯಲ್ಲಿ ಚಾಕುವನ್ನು ಹಿಡಿಯುವುದು ಹಿಡಿಗೆ ಸುತ್ತಿ ಬರುವ ಗುಂಡಿಯ ಪಟ್ಟಿ. ಪಟ್ಟಿ ಹಿಗ್ಗಿದ್ದರೆ ಗುಂಡಿಯನ್ನು 4–5 ಮಿ.ಮೀ. ಒಳಗೆ ಸರಿಸಿ ಹಾಕಿದರೆ ಮುಗಿಯಿತು, ಒರೆಯನ್ನು ಮುಟ್ಟುವುದೇ ಬೇಡ.

ಪರೀಕ್ಷೆ ಹೀಗೆ ಮಾಡುತ್ತೇನೆ. ಮಡಚಿದ ಕಂಬಳಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಒರೆಯನ್ನು ತಲೆಕೆಳಗು ಹಿಡಿಯುವುದು. ತನ್ನ ಭಾರಕ್ಕೇ ಚಾಕು ಬಿದ್ದರೆ ದುರಸ್ತಿ ಬೇಕೇ ಬೇಕು. ಮೆಲ್ಲಗೆ ಕೊಡವಿದಾಗ ಬಿದ್ದರೆ ನೀರಿನ ಹದವೇ, ಅಂದರೆ ಒರೆಯನ್ನು ನೆನೆಸಿ ಆಕಾರ ಕೊಡುವುದೇ, ಸಾಕಾಗಬಹುದು. ಬೀಳುವ ಚಾಕುವನ್ನು ಹಿಡಿಯಲು ಕೈ ಒಡ್ಡಬೇಡಿ. ಒರೆಯನ್ನು ಮುಷ್ಟಿಯಲ್ಲಿ ಸುತ್ತಿಯೂ ಹಿಡಿಯಬೇಡಿ; ಹೊಲಿಗೆ ಒಳಗೆ ಕಡಿದಿದ್ದರೆ ಅಲಗು ಚರ್ಮದ ಸಂದಿನಿಂದ ನೇರ ಬೆರಳಿಗೆ ಬರುತ್ತದೆ. ಚಪ್ಪಟೆ ಬದಿಗಳನ್ನಷ್ಟೇ ಹಿಡಿಯಿರಿ. ಆಮೇಲೆ ಟಾರ್ಚ್ ಹಾಕಿ ಒಳಗೆ ನೋಡಿ. ಎರಡು ಚರ್ಮಗಳ ನಡುವೆ, ಹೊಲಿಗೆಯ ಉದ್ದಕ್ಕೂ, ಅಲಗಿನ ಅಂಚಿಗೆ ಎದುರಾಗಿ ಒಂದು ನಡುಪಟ್ಟಿ ಇರುತ್ತದೆ. ದಾರವನ್ನು ಕಾಯುವುದು ಅದೇ. ಅದು ಸೀಳಿ ದಾರ ಕಾಣುತ್ತಿದ್ದರೆ ಬೇರೇನೂ ಮಾಡದೆ ಹೊಲಿಗೆ ಬಿಚ್ಚಿ ನಡುಪಟ್ಟಿ ಬದಲಿಸಬೇಕು.

ಸಡಿಲಕ್ಕೆ ನಾನು ಹೆಚ್ಚಾಗಿ ಕಾಣುವ ಕಾರಣ ಎಣ್ಣೆ. ಚರ್ಮ ಮೆತ್ತಗಿರಲಿ ಎಂದು ಎಣ್ಣೆ ಹಚ್ಚುವುದು ಶೂಗೆ ಸರಿ, ಒರೆಗೆ ಅಲ್ಲ. ಒರೆ ಗಡುಸಾಗಿದ್ದರೇ ಹಿಡಿತ. ಇನ್ನೊಂದು ಕಾರಣ, ಒರೆ ನೆನೆದಾಗ ಚಾಕು ಇಲ್ಲದೆ ಒಣಗಿರುವುದು.

ಮುಂದಿನ ಹೆಜ್ಜೆ ಚರ್ಮದ ಹದ ಯಾವುದೆಂದು ತಿಳಿಯುವುದು. ಕತ್ತರಿಸಿದ ಅಂಚನ್ನು ಸ್ವಲ್ಪ ಉಜ್ಜಿ ನೋಡಿ: ಒಳಗೂ ಕಂದು ಬಣ್ಣವಿದ್ದರೆ ಅದು ತೊಗಟೆಯಿಂದ ಹದ ಮಾಡಿದ ಚರ್ಮ, ನಡುವೆ ನೀಲಿ ಬೂದಿ ಛಾಯೆ ಕಂಡರೆ ಸಾಮಾನ್ಯವಾಗಿ ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಲವಣದಿಂದ ಹದ ಮಾಡಿದ್ದು. ನೀರಿನಲ್ಲಿ ನೆನೆಸಿ ಆಕಾರ ಕೊಟ್ಟರೆ ಆ ಆಕಾರವನ್ನು ಉಳಿಸಿಕೊಳ್ಳುವುದು ತೊಗಟೆ ಹದದ ಚರ್ಮ ಮಾತ್ರ. ಕ್ರೋಮ್ ಹದದ್ದು ಒಣಗಿ ಮತ್ತೆ ಮೊದಲಿನಂತೆಯೇ ಆಗುತ್ತದೆ, ಅದಕ್ಕೆ ನೀರಿನ ಶ್ರಮ ದಂಡ.

ತೊಗಟೆ ಹದದ್ದೇ ಆದರೆ ನನ್ನ ಮೊದಲ ಆಯ್ಕೆ ನೀರು. ಅಲಗಿನ ಹರಿತದ ಅಂಚಿಗೆ ಮಾಸ್ಕಿಂಗ್ ಟೇಪ್ ಒಂದು ಸುತ್ತು, ಆಮೇಲೆ ಇಡೀ ಚಾಕುವಿಗೆ, ಹಿಡಿಯೂ ಸೇರಿ, ಆಹಾರ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ ಎರಡು ಸುತ್ತು. ಇದಕ್ಕಿಂತ ಹೆಚ್ಚು ಸುತ್ತಿದರೆ ಆ ದಪ್ಪಕ್ಕೇ ಚರ್ಮ ಕೂತು ಸಡಿಲ ಹಾಗೇ ಉಳಿಯುತ್ತದೆ. ಹಾಳೆ ಸುತ್ತುವುದು ತುಕ್ಕಿಗಾಗಿ ಮಾತ್ರವಲ್ಲ. ನೆನೆದ ತೊಗಟೆ ಹದದ ಚರ್ಮಕ್ಕೆ ಬರಿಯ ಉಕ್ಕು ತಾಗಿದರೆ ಚರ್ಮದಲ್ಲಿರುವ ತೊಗಟೆಯ ಸತ್ವವಾದ ಟ್ಯಾನಿನ್ ಜೊತೆ ಸೇರಿ ಕಪ್ಪು ಕಲೆ ಹಿಡಿಯುತ್ತದೆ. ಕಬ್ಬಿಣದ ಕ್ಲಿಪ್ ಹಾಕುವಾಗಲೂ ಇದೇ ಎಚ್ಚರ.

ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿನಲ್ಲಿ ಒರೆಯನ್ನು ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಬಿಡಿ. ಸಾಧಾರಣ 3 ಮಿ.ಮೀ. ಚರ್ಮಕ್ಕೆ ಕೆಲವು ನಿಮಿಷ ಸಾಕು. ಕುದಿಯುವ ನೀರು ಬೇಗ ಬಿಗಿ ಮಾಡುತ್ತದೆ ಎನ್ನುವವರಿದ್ದಾರೆ. ಬಿಗಿಯೇನೋ ಆಗುತ್ತದೆ, ಆದರೆ ಚರ್ಮ ಎಲ್ಲೆಂದರಲ್ಲಿ ಕುಗ್ಗಿ, ಒಣಗಿದ ಮೇಲೆ ಬಿರುಕು ಬಿಡುತ್ತದೆ. ಅದನ್ನು ಹಿಂದಕ್ಕೆ ತರುವ ದಾರಿಯಿಲ್ಲ. ನೀರಿನಿಂದ ತೆಗೆದು ಬಟ್ಟೆಯಲ್ಲಿ ಒತ್ತಿ, ಮೇಲ್ಮೈಯ ಹೊಳಪು ಆರಿ ಬಣ್ಣ ತುಸು ತಿಳಿಯಾಗುವವರೆಗೆ ಕಾಯಿರಿ. ತೀರಾ ತೊಯ್ದ ಚರ್ಮ ಒತ್ತಿದಲ್ಲಿ ನಿಲ್ಲುವುದಿಲ್ಲ. ಈಗ ಚಾಕು ಸೇರಿಸಿ, ಹಿಡಿಯ ಬುಡದ ಸುತ್ತ ಹೆಬ್ಬೆರಳಿನಿಂದ ಒತ್ತುತ್ತ ಬನ್ನಿ. ಹಿಡಿ ಎಲ್ಲಿ ಕಿರಿದಾಗುತ್ತದೋ ಆ ತಗ್ಗಿಗೆ ಚರ್ಮ ಇಳಿಯಬೇಕು. ಬಿಗಿಯಾಗಿ ಹಿಡಿಯುವುದು ಆ ತಗ್ಗಿನಲ್ಲೇ. ಉಗುರು ತಾಗಿದರೆ ಗುರುತು ಶಾಶ್ವತ, ಆದ್ದರಿಂದ ಚಮಚದ ಬೆನ್ನೋ ನುಣುಪಾದ ಮರದ ತುಂಡೋ ಒಳ್ಳೆಯದು. ಅಲಗಿನ ಭಾಗವನ್ನು ಒತ್ತಬೇಡಿ.

ಒಂದೆರಡು ಗಂಟೆಯಲ್ಲಿ ಮೇಲ್ಮೈ ಗಡುಸಾಗುತ್ತದೆ. ಆಗ ಚಾಕುವನ್ನು ಒಮ್ಮೆ ಎಳೆದು, ಹಾಳೆ ಸರಿಪಡಿಸಿ, ಮತ್ತೆ ಸೇರಿಸಿ ಒತ್ತುತ್ತೇನೆ. ಹೀಗೆ ಮಾಡದಿದ್ದರೆ ಕೆಲವೊಮ್ಮೆ ಚಾಕು ಹೊರಗೇ ಬರುವುದಿಲ್ಲ. ಆಕಾರ ನಿಂತ ಮೇಲೆ ಚಾಕು ತೆಗೆದು ನೆರಳಿನಲ್ಲಿ ಒಂದೆರಡು ದಿನ ಒಣಗಿಸಬೇಕು. ಬಿಸಿಲೂ ಬೇಡ, ಹೀಟರೂ ಬೇಡ.

ಎಣ್ಣೆ ಕುಡಿದ ಒರೆಗೆ, ಕ್ರೋಮ್ ಹದದ ಒರೆಗೆ, ಅಥವಾ ಸಡಿಲ 2 ಮಿ.ಮೀ. ಮೀರಿದಾಗ ಒಳಪಟ್ಟಿ ಅಂಟಿಸುವುದೇ ದಾರಿ. 1ರಿಂದ 1.5 ಮಿ.ಮೀ. ದಪ್ಪದ, 2 ಸೆ.ಮೀ. ಅಗಲ, 4 ಸೆ.ಮೀ. ಉದ್ದದ ಚರ್ಮದ ತುಂಡು ಸಾಕು. ಅದರ ನಾಲ್ಕೂ ಅಂಚನ್ನು ಕಾಗದದಷ್ಟು ತೆಳುವಾಗಿ ಹೆರೆಯಬೇಕು. ಹೆರೆಯದ ಅಂಚಿಗೆ ಚಾಕುವಿನ ಮೊನೆ ಸಿಕ್ಕಿ ಪಟ್ಟಿಯನ್ನೇ ಎಬ್ಬಿಸುತ್ತದೆ. ಅಂಟು ಬಿಟ್ಟ ಒಳಪಟ್ಟಿಗಳಲ್ಲಿ ಬಹುಪಾಲು ಹೀಗೇ ಬಿಟ್ಟಿರುತ್ತವೆ. ಅಂಟಿಸುವ ಜಾಗ ಹಿಡಿಯ ಚಪ್ಪಟೆ ಬದಿ ತಾಗುವ ಗೋಡೆ, ಬೆಲ್ಟಿನ ಕಡೆಯದು. ಹೊಲಿಗೆಯ ಬದಿಗೆ ಅಂಟಿಸಿದರೆ ಹರಿತದ ಅಂಚು ಕೊಯ್ದು ಹಾಕುತ್ತದೆ.

ಅಂಟಿಸುವ ಮೊದಲು ಒಳಗೋಡೆಯನ್ನು 80 ನಂಬರಿನ ಉಪ್ಪುಕಾಗದ ಸುತ್ತಿದ ಕಡ್ಡಿಯಿಂದ ಉಜ್ಜಿ, ಎಣ್ಣೆಯಿದ್ದರೆ ಆಲ್ಕೋಹಾಲಿನಲ್ಲಿ ಒರೆಸಿ. ಚಪ್ಪಲಿಗೆ ಬಳಸುವ ರಬ್ಬರ್ ಅಂಟನ್ನು ಎರಡೂ ಮೇಲ್ಮೈಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಆರಲು ಬಿಡಿ. ಈ ಅಂಟು ತಾಗಿದೊಡನೆ ಹಿಡಿಯುತ್ತದೆ, ಆಮೇಲೆ ಸರಿಸಲಾಗದು. ಅದಕ್ಕೇ ಒರೆಯೊಳಗೆ ಮೊದಲು ಮೇಣದ ಕಾಗದ ಇಳಿಸಿ, ಅದರ ಮೇಲೆ ಪಟ್ಟಿಯನ್ನು ಜಾಗಕ್ಕೆ ಜಾರಿಸಿ, ಕಾಗದವನ್ನು ಎಳೆದುಕೊಳ್ಳುತ್ತೇನೆ. ನುಣುಪು ಬದಿ ಚಾಕುವಿಗೆ, ಒರಟು ಬದಿ ಅಂಟಿಗೆ. ಬೆಣೆಯಂಥ ಮರದ ತುಂಡು ತುರುಕಿ ಒಂದು ರಾತ್ರಿ ಬಿಡುವುದು. ಮಖಮಲ್ಲು, ಫೆಲ್ಟ್ ಇಂಥವನ್ನು ಹಾಕಬೇಡಿ, ತೇವ ಹಿಡಿದಿಟ್ಟು ಅಲಗಿಗೆ ತುಕ್ಕು ತರಿಸುತ್ತವೆ.

ಹೊಲಿಗೆಗೆ ಕೈ ಹಾಕುವುದು ಕೊನೆಗೆ, ಏಕೆಂದರೆ ಚುಚ್ಚಿದ ತೂತು ಮುಚ್ಚುವುದಿಲ್ಲ. ನಡುಪಟ್ಟಿ 10 ಮಿ.ಮೀ. ಅಗಲವಿದ್ದು ಹಳೆಯ ಹೊಲಿಗೆ ಅಂಚಿನಿಂದ 3–4 ಮಿ.ಮೀ. ಒಳಗಿದ್ದರೆ, ಬಾಯಿಯ ಹತ್ತಿರ 4 ಸೆ.ಮೀ. ಉದ್ದಕ್ಕೆ ಅದರಿಂದ 3 ಮಿ.ಮೀ. ಒಳಗೆ ಇನ್ನೊಂದು ಸಾಲು ಹಾಕಬಹುದು. ಹೊಸ ಸಾಲಿನಾಚೆ ಕನಿಷ್ಠ 2 ಮಿ.ಮೀ. ನಡುಪಟ್ಟಿ ಉಳಿಯಲೇಬೇಕು, ಇಲ್ಲದಿದ್ದರೆ ದಾರ ಅಲಗಿಗೆ ಸಿಗುತ್ತದೆ. ಅಷ್ಟು ಅಗಲವಿಲ್ಲದಿದ್ದರೆ ಬಾಯಿಯ ಕಡೆ ಹೊಲಿಗೆ ಬಿಚ್ಚಿ, 3 ಮಿ.ಮೀ. ನಡುಪಟ್ಟಿಯನ್ನು 2ಕ್ಕೆ ಹೆರೆದು ಹಳೆಯ ತೂತಿನಲ್ಲೇ ಹೊಲಿಯುವುದು ಮೇಲು.

ಮೇಣ ಸವರಿದ 0.8 ಮಿ.ಮೀ. ಪಾಲಿಯೆಸ್ಟರ್ ದಾರ, ಎರಡು ತುದಿಗೆ ಎರಡು ಮೊಂಡು ಸೂಜಿ, ಪ್ರತಿ ತೂತಿನಲ್ಲೂ ಎರಡೂ ಕಡೆಯಿಂದ ದಾಟಿಸುವ ಹೊಲಿಗೆ. ಇದರಲ್ಲಿ ಒಂದು ಎಳೆ ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಹೊಲಿಗೆ ಯಂತ್ರದ್ದು ಹಾಗಲ್ಲ. ಹೊಲಿಗೆಯ ಉದ್ದದ ನಾಲ್ಕು ಪಟ್ಟು ದಾರ ಎನ್ನುವ ರೂಢಿಯ ಲೆಕ್ಕ ತೆಳು ಚರ್ಮಕ್ಕೆ. ಒರೆಯ ಅಂಚು 8 ಮಿ.ಮೀ. ದಪ್ಪವಿದ್ದು ಹೊಲಿಗೆ 4 ಮಿ.ಮೀ.ಗೆ ಒಂದಾದರೆ ಆರು ಪಟ್ಟು ಬರೀ ಹೊಲಿಗೆಗೇ ಹೋಗುತ್ತದೆ, ಸೂಜಿ ಹಿಡಿಯಲು ಮೇಲೆ ಒಂದು ಗೇಣು ಬೇಕು. ಕೊನೆಯಲ್ಲಿ ಮೂರು ತೂತು ಹಿಂದಕ್ಕೆ ಹೊಲಿದು ದಾರದ ತುದಿಯನ್ನು ಸುಟ್ಟು ಒತ್ತಿಬಿಡಿ.

ಬಾಯಿಯ ಅಂಚಿಗೆ ಹೊರಗಿನಿಂದ ಜೇನುಮೇಣ ಉಜ್ಜಿ ಹೇರ್ ಡ್ರೈಯರಿನ ಹದವಾದ ಬಿಸಿಯಲ್ಲಿ ಕರಗಿಸಿದರೆ ಚರ್ಮ ಇನ್ನಷ್ಟು ಗಡುಸಾಗುತ್ತದೆ. ಮೇಣ ಸುಮಾರು 62–64 ಡಿಗ್ರಿಗೆ ಕರಗುತ್ತದೆ, ಆದ್ದರಿಂದ ಚರ್ಮ ಪೂರ್ತಿ ಒಣಗಿರಬೇಕು. ತೇವವಿದ್ದರೆ ಬಿಸಿ ತುಸು ಹೆಚ್ಚಾದರೂ ಕುಗ್ಗಲು ಶುರುವಾಗಬಹುದು. ನೀರಿನ ಹದ ಬಾಕಿಯಿದ್ದರೆ ಮೇಣ ಹಚ್ಚಬೇಡಿ, ಆಮೇಲೆ ನೀರು ಒಳಗೆ ಇಳಿಯುವುದಿಲ್ಲ.

ಹೊಸ ಬಿಗಿಯಲ್ಲಿ ಚಾಕು ಸೇರಿಸುವಾಗ ಅಲಗಿನ ಬೆನ್ನನ್ನು ಒರೆಯ ಬೆನ್ನಿಗೆ ಒತ್ತಿಕೊಂಡೇ ಇಳಿಸಿ. ಕೆಲವು ದಿನ ಬಳಸಿದ ಮೇಲೆ ತಲೆಕೆಳಗಿನ ಪರೀಕ್ಷೆ ಇನ್ನೊಮ್ಮೆ ಮಾಡಿ, ಅಲ್ಲಿಯವರೆಗೆ ಬೆಲ್ಟಿಗೆ ಸಿಕ್ಕಿಸಿಕೊಂಡು ಓಡಾಡುವುದು ಬೇಡ.