ಮೊದಲು ಕೂತು ನೋಡಿ, ಆಮೇಲೆ ಕಟ್ಟಿಗೆ ಕೊಯ್ಸಿ

ಕಂಪ್ಯೂಟರಿನಲ್ಲಿ ವಿಮಾನ ಹಾರಿಸಲು ಮನೆಯಲ್ಲೇ ಕಾಕ್‌ಪಿಟ್ ಕಟ್ಟುತ್ತಿದ್ದೆ. ಮೊದಲನೇ ಪ್ಯಾನಲ್ ಜೋಡಿಸಿ, ಕೂತು, ಯೋಕ್, ಅಂದರೆ ವಿಮಾನದ ಸ್ಟಿಯರಿಂಗ್, ಎಡಕ್ಕೆ ತಿರುಗಿಸಿದೆ. ಅದರ ಕೊಂಬು ನೇರ ತೊಡೆಗೆ ಬಡಿಯಿತು. ಸೆಸ್ನಾ 172 ಎಂಬ ಸಣ್ಣ ವಿಮಾನದ ನಕ್ಷೆಯ ಅಳತೆಯನ್ನೇ 12 ಎಂಎಂ ಪ್ಲೈವುಡ್ ಮೇಲೆ ಇಳಿಸಿದ್ದೆ, ಅದರಲ್ಲೇನೂ ತಪ್ಪಿರಲಿಲ್ಲ. ಆದರೆ ನಾನು ಕೂತಿದ್ದು ಗುಜರಿಯಿಂದ ತಂದ ವ್ಯಾನಿನ ಸೀಟಿನ ಮೇಲೆ. ಹಳೇ ಹುಬ್ಬಳ್ಳಿಯ ಬಡಿಗೇರರು ಬಂದು ನೋಡಿ, "ಮೊದಲ ನೀವು ಕೂಡ್ರಿ ಸರ್, ಆಮ್ಯಾಲೆ ಕಟಗಿ ಕೊಯ್ಯೂಣು" ಅಂದರು. ಮನೆಯಲ್ಲಿ ಕಾಕ್‌ಪಿಟ್ ಕಟ್ಟುವವರಿಗೆ ನಾನು ಹೇಳುವ ಮೊದಲ ಮಾತೂ ಅದೇ.

ಎರಡನೇ ಸಲ ಸೀಟನ್ನು ನೆಲಕ್ಕೆ ಬೋಲ್ಟ್ ಹಾಕಿ ಗಟ್ಟಿ ಮಾಡಿದೆ. ಬೆನ್ನು ಆನಿಸಿ ಕೂತು, ನೆಲದಿಂದ ಕಣ್ಣಿನ ಎತ್ತರ ಅಳೆದೆ. ಕಣ್ಣಿನಿಂದ ಪರದೆಯವರೆಗೆ ದಾರ ಎಳೆದು, ಪ್ಯಾನಲಿನ ಮೇಲಂಚು ರನ್‌ವೇಯನ್ನು ಮರೆಮಾಡದ ಹಾಗೆ ಗುರುತು ಹಾಕಿದೆ. ಫ್ರಿಜ್ಜಿನ ರಟ್ಟಿನಲ್ಲೇ ಪೂರ್ತಿ ಪ್ಯಾನಲ್ ಕತ್ತರಿಸಿ, ಒಂದು ವಾರ ದಿನಾ ಸಂಜೆ ಅದರ ಮುಂದೆ ಕೂತೆ. ಯೋಕ್ ಎರಡು ಇಂಚು ಮೇಲೇರಿತು, ಪೆಡಲ್ ಮೂರು ಇಂಚು ಹಿಂದೆ ಬಂತು. ಆಮೇಲಷ್ಟೇ ಪ್ಲೈವುಡ್‌ಗೆ ಗರಗಸ ತಾಗಿಸಿದ್ದು.

ಎಂಜಿನ್‌ನ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಮತ್ತು ಅದಕ್ಕೆ ಹೋಗುವ ಪೆಟ್ರೋಲ್-ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್, ಈ ಎರಡು ಗುಂಡಿಗಳಿಗೆ ಬಹಳ ಹೊತ್ತು ಕೊಟ್ಟೆ. ಥ್ರಾಟಲ್ ಕಪ್ಪು, ನುಣುಪು. ಅದರ ಬಲಕ್ಕಿರುವ ಮಿಕ್ಸ್ಚರ್ ಕೆಂಪು, ಅಂಚಿನಲ್ಲಿ ಹಲ್ಲು ಹಲ್ಲು. ಕೆಂಪನ್ನು ಪೂರ್ತಿ ಹೊರಗೆಳೆದರೆ ಎಂಜಿನ್‌ಗೆ ಪೆಟ್ರೋಲ್ ನಿಂತುಹೋಗುತ್ತದೆ. ಹಾಗಾಗಿ ಕಣ್ಣು ಹೊರಗಿದ್ದರೂ ಕೈಗೆ ವ್ಯತ್ಯಾಸ ಗೊತ್ತಾಗಬೇಕು. ಎರಡನ್ನೂ ಸಾಗವಾನಿಯಲ್ಲಿ ಕಡೆಸಿ, ಕೆಂಪಿನ ಹಲ್ಲುಗಳನ್ನು ನಾನೇ ಅರದಿಂದ ಉಜ್ಜಿ ಮೂಡಿಸಿದೆ.

ವೈರಿಂಗ್‌ಗೆ ಆರ್ಡುಯಿನೋ ಲಿಯೊನಾರ್ಡೋ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡ್ ಸಾಕು. ಅದರ ಚಿಪ್ ನೇರವಾಗಿ ಯುಎಸ್‌ಬಿ ಮಾತಾಡುವುದರಿಂದ ಕಂಪ್ಯೂಟರ್ ಅದನ್ನು ಜಾಯ್‌ಸ್ಟಿಕ್ ಅಂತಲೇ ಒಪ್ಪಿಕೊಳ್ಳುತ್ತದೆ. ಯೋಕ್ ಎಷ್ಟು ತಿರುಗಿತು ಅಂತ ಅಳೆಯಲು ಮೊದಲು 10ಕೆ ಪೊಟೆನ್ಶಿಯೋಮೀಟರ್ ಹಾಕಿದ್ದೆ, ರೇಡಿಯೋದ ವಾಲ್ಯೂಮ್ ಗುಂಡಿಯೊಳಗಿನಂಥದ್ದು. ಬೇಸಿಗೆ ಮುಗಿಯುವಷ್ಟರಲ್ಲಿ ಧೂಳು ಒಳಗೆ ಹೊಕ್ಕು, ಯೋಕ್ ನಡುವೆ ಇದ್ದಾಗ 512ರ ಹತ್ತಿರ ನಿಲ್ಲಬೇಕಾದ ಅಂಕಿ 500ಕ್ಕೂ 525ಕ್ಕೂ ಕುಣಿಯತೊಡಗಿತು. ನಾನು ಕೈ ಅಲುಗಿಸದಿದ್ದರೂ ವಿಮಾನ ತೂಗಾಡುತ್ತಿತ್ತು. ಅದನ್ನು ಕಿತ್ತು, ಅಯಸ್ಕಾಂತದ ಬಲವನ್ನು ಅಳೆಯುವ 49ಇ ಹಾಲ್ ಸೆನ್ಸರ್ ಹಾಕಿದೆ. ಯೋಕಿನ ದಂಡದ ತುದಿಗೆ ಸಣ್ಣ ಅಯಸ್ಕಾಂತ, ಅದರಿಂದ ನಾಲ್ಕು ಎಂಎಂ ದೂರದಲ್ಲಿ ಸೆನ್ಸರ್. ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಸವೆಯುವುದೂ ಇಲ್ಲ. ಸೆನ್ಸರಿನ ಅಂಕಿಯನ್ನು ಹದಿನಾರು ಸಲ ಓದಿ ಸರಾಸರಿ ತೆಗೆಯುವಂತೆ ಕೋಡಿನಲ್ಲಿ ನಾಲ್ಕು ಸಾಲು ಸೇರಿಸಿದೆ. ಯೋಕ್ ಶಾಂತವಾಯಿತು. ಕರೆಂಟ್ ಹೋದರೆ ಇರಲಿ ಅಂತ ಒಂದು ಯುಪಿಎಸ್ಸೂ ಇದೆ.

ಮನೆ ಇರುವುದು ಗೋಕುಲ ರೋಡಿನಲ್ಲಿ, ಏರ್‌ಪೋರ್ಟಿನ ಮಗ್ಗುಲಿಗೆ. ಎಲ್ಲ ಮುಗಿದ ದಿನ ಹಾರಿಸಿದ್ದೂ ನಮ್ಮ ಹುಬ್ಬಳ್ಳಿಯಿಂದಲೇ. ಆಲ್ಟಿಮೀಟರ್ ಎತ್ತರವನ್ನು ಸಮುದ್ರ ಮಟ್ಟದಿಂದ ತೋರಿಸುವುದರಿಂದ, ಇಲ್ಲಿ ನೆಲದಲ್ಲಿ ನಿಂತಾಗಲೇ ಅದು ಎರಡು ಸಾವಿರ ಅಡಿ ದಾಟಿರುತ್ತದೆ. ಊರಿನ ಮೇಲೆ ಒಂದು ಸುತ್ತು ಹಾಕಿ, ಪೂರ್ವದಿಂದ ರನ್‌ವೇ 26ಕ್ಕೆ ತಿರುಗಿದೆ. ಬಲಕ್ಕೆ ಉಣಕಲ್ ಕೆರೆ. ವೇಗ 65 ನಾಟ್. ಪ್ಯಾನಲಿನ ಅಂಚಿನ ಮೇಲೆ, ದಾರ ಎಳೆದು ಗುರುತು ಹಾಕಿದ್ದ ಜಾಗದಲ್ಲೇ, ರನ್‌ವೇ ಪೂರ್ತಿ ಕಾಣುತ್ತಿತ್ತು.