ಕೋರ್ಟ್ ಫೀ ಕಡಿಮೆ ಬಿದ್ದರೆ ದಾವೆ ಏನಾಗುತ್ತದೆ?

ಹಾಸನ ಪೇಟೆಯ ಅಪ್ಪನ ಮನೆಯಲ್ಲಿ ಪಾಲು ಕೇಳಿ ಮಗಳು ದಾವೆ ಹೂಡಿದ್ದಾಳೆ ಎನ್ನಿ. ತಾನೂ ಅಣ್ಣಂದಿರ ಜೊತೆ ಜಂಟಿ ಸ್ವಾಧೀನದಲ್ಲಿದ್ದೇನೆ ಎಂದರೆ, 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ 35ನೇ ಕಲಮಿನ ಪ್ರಕಾರ ಸಣ್ಣದೊಂದು ನಿಗದಿತ ಶುಲ್ಕ ಸಾಕು. ಹೊರಗಿಟ್ಟಿದ್ದಾರೆ ಎಂದರೆ ಅವಳ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಕಟ್ಟಬೇಕು. ಫೀ ತಕರಾರು ಹೆಚ್ಚಾಗಿ ಏಳುವುದು ಇಲ್ಲೇ.

ವಾದಪತ್ರ (ದಾವೆಯ ಮೂಲ ಅರ್ಜಿ) ಕೊಟ್ಟ ಕೂಡಲೇ ಕಚೇರಿಯಲ್ಲಿ ಲೆಕ್ಕ ನೋಡುತ್ತಾರೆ. ಕೊರತೆ ಕಂಡರೆ ಆಬ್ಜೆಕ್ಷನ್ ಬರೆಯುತ್ತಾರೆ. ದಾವೆ ದಾಖಲಾದ ಮೇಲೂ ಪ್ರತಿವಾದಿ ಫೀ ಸಾಲದು ಎಂದು ಎತ್ತಬಹುದು. ಹೌದೆನಿಸಿದರೆ ನ್ಯಾಯಾಧೀಶರು ಬಾಕಿ ಕಟ್ಟಲು ದಿನಾಂಕ ಕೊಡುತ್ತಾರೆ. ಆ ದಿನ ಮೀರಿದರೆ ವಾದಪತ್ರ ತಿರಸ್ಕೃತ.

ಹಣ ಹೊಂದಿಸಲಾಗದಿದ್ದರೆ ವಾಯಿದೆಗೆ ಮುಂಚೆಯೇ ಕಾರಣ ಬರೆದು ಅರ್ಜಿ ಹಾಕಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 149ನೇ ಕಲಮಿನಡಿ ಕೋರ್ಟು ತಡವಾಗಿ ಕಟ್ಟಲು ಒಪ್ಪಿದರೆ, ಮೊದಲ ದಿನವೇ ಕಟ್ಟಿದಂತೆ ಲೆಕ್ಕ. ಕಾಲಮಿತಿಯ (ದಾವೆ ಹೂಡಲು ಕಾನೂನು ಕೊಟ್ಟ ಅವಧಿಯ) ಅಂಚಿನಲ್ಲಿರುವ ದಾವೆಗೆ ಇದೇ ಪ್ರಾಣ. ಆದರೆ ಇದು ಕೋರ್ಟಿನ ವಿವೇಚನೆ, ವಾದಿಯ ಹಕ್ಕಲ್ಲ. ಒಮ್ಮೆ ಕೊಟ್ಟ ಗಡುವನ್ನು ಮತ್ತೆ ಹಿಗ್ಗಿಸಬೇಕಾದರೆ ಅಸಾಧಾರಣ ಕಾರಣ ತೋರಿಸಬೇಕು. "ವಕೀಲರು ಊರಲ್ಲಿರಲಿಲ್ಲ" ಎಂದರೆ ಸಾಲುವುದು ಕಷ್ಟ.

ತಿರಸ್ಕಾರವಾದರೂ ಮೇಲ್ಮನವಿ ಇದೆ, ಹೊಸ ದಾವೆಯನ್ನೂ ಹಾಕಬಹುದು. ಹೊಸದಕ್ಕೆ ಕಾಲಮಿತಿ ಇನ್ನೂ ಉಳಿದಿರಬೇಕು, ಅಷ್ಟೆ. ಸಾಲ ವಸೂಲಿಗಾದರೆ ಸಾಮಾನ್ಯವಾಗಿ 3 ವರ್ಷ.

ಕಟ್ಟುವ ಶಕ್ತಿಯೇ ಇಲ್ಲದವರಿಗೆ ಎರಡು ದಾರಿ. ಮೊದಲು ಕಾನೂನು ಸೇವಾ ಪ್ರಾಧಿಕಾರ ನೋಡಿ: 1987ರ ಕಾಯ್ದೆಯ 12ನೇ ಕಲಮಿನಡಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ನೆರವು ಕೇಳುವ ಅರ್ಹತೆ ಇದೆ, ಕೋರ್ಟ್ ಫೀಗೂ ಅರ್ಜಿ ಕೊಡಬಹುದು. ಹಾಸನದಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ. ಇನ್ನೊಂದು, ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 33ರಡಿ ನಿರ್ಗತಿಕ ವಾದಿಯ ಅರ್ಜಿ. ಹಳಬರು ಇಂದಿಗೂ ಪಾಪರ್ ಅರ್ಜಿ ಎನ್ನುತ್ತಾರೆ. ಆಸ್ತಿಪಟ್ಟಿ ಪ್ರಾಮಾಣಿಕವಾಗಿರಲಿ. ಅರ್ಜಿಗೆ ಹಿಂದಿನ 2 ತಿಂಗಳಲ್ಲಿ ಮೋಸದಿಂದ ಆಸ್ತಿ ಪರಭಾರೆ ಮಾಡಿದ್ದರೆ ಅರ್ಜಿ ವಜಾ. ಸರ್ಕಾರಿ ವಕೀಲರಿಗೂ ನೋಟಿಸ್ ಹೋಗುತ್ತದೆ. ಅರ್ಜಿ ಬಿದ್ದುಹೋದರೂ ಫೀ ಕಟ್ಟಲು ಕೋರ್ಟು ಸಮಯ ಕೊಡಬಹುದು.

ಈ ಪಾಪರ್ ಅರ್ಜಿ ಒಪ್ಪಿದರೂ ಅದು ಫೀ ಮಾಫಿಯಲ್ಲ, ಮುಂದೂಡಿಕೆ. ವಾದಿ ಗೆದ್ದರೆ, ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಯಾರು ಕಟ್ಟಬೇಕೆಂದು ಹೇಳುತ್ತದೋ ಅವರಿಂದ ಸರ್ಕಾರ ಫೀ ವಸೂಲು ಮಾಡುತ್ತದೆ, ದಾವೆ ಆಸ್ತಿಯ ಮೇಲೆ ಅದಕ್ಕೇ ಮೊದಲ ಹಕ್ಕು. ಸೋತರೆ ವಾದಿಯೇ ಕಟ್ಟಬೇಕು.